ಹಾರಾಟದ ಗಂಟೆಯೂ ಸಾಲದ ಕಂತೂ: ಕೆಡೆಟ್ ಪೈಲಟ್ ನೇಮಕಾತಿಯ ಲೆಕ್ಕಾಚಾರ

ಕೆಲವು ತಿಂಗಳ ಹಿಂದೆ ಒಂದು ಸಂಜೆ, ನಮ್ಮ ಕಚೇರಿಯ ಬಹುಕಾಲದ ಗ್ರಾಹಕರಾದ ಅಡಿಕೆ ಮಂಡಿಯ ಯಜಮಾನರೊಬ್ಬರು ಮಗಳೊಡನೆ ಬಂದರು. ಜಿ.ಎಸ್.ಟಿ. ರಿಟರ್ನಿನ ವಿಷಯವಿರಬಹುದೆಂದು ಭಾವಿಸಿ ಗುಮಾಸ್ತರಿಗೆ ಕಡತ ತರಲು ಹೇಳಿದೆ. ಆದರೆ ಅವರು ಕೈಚೀಲದಿಂದ ಹೊರತೆಗೆದದ್ದು ವಿಮಾನ ಕಂಪನಿಯೊಂದರ ಕೆಡೆಟ್ ಪೈಲಟ್ ಯೋಜನೆಯ ಮಾಹಿತಿ ಪುಸ್ತಿಕೆಯನ್ನು ಮತ್ತು ತಮ್ಮ ಗೋದಾಮಿನ ಕ್ರಯಪತ್ರವನ್ನು. ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತಗಳಲ್ಲಿ ಉತ್ತಮ ಅಂಕ ಗಳಿಸಿದ್ದ ಮಗಳು ಕಂಪನಿಯ ಆಯ್ಕೆ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿದ್ದಳು. ತರಬೇತಿಯ ಒಟ್ಟು ವೆಚ್ಚ 1 ಕೋಟಿ ರೂಪಾಯಿಗೂ ಮಿಕ್ಕಿತ್ತು. “ಸ್ವಾಮೀ, ಗೋದಾಮು ಅಡ ಇಡಬಹುದೋ ಬೇಡವೋ ನೀವೇ ಹೇಳಬೇಕು” ಎಂದರು ಯಜಮಾನರು. ಮಗಳು ನೀರು ಕುಡಿಯಲು ಹೊರಗೆ ಹೋದಾಗ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದರು: “ಇನ್ನೂರು ಗಂಟೆ ಹಾರಿದ ಹುಡುಗಿ ಕೈಗೆ ನೂರೆಂಬತ್ತು ಜನ ಕೂತ ವಿಮಾನ ಕೊಡ್ತಾರಂತಲ್ಲ, ಅದು ಸರಿಯಾ?”

ಮೊದಲನೆಯದು ನನ್ನ ವೃತ್ತಿಗೆ ಸೇರಿದ ಪ್ರಶ್ನೆ, ಎರಡನೆಯದು ಅಲ್ಲ. ಆದರೆ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಆ ಪುಸ್ತಿಕೆಯನ್ನೂ ಅನಂತರ ಕೆಲವು ತನಿಖಾ ವರದಿಗಳನ್ನೂ ಓದಿದ ಮೇಲೆ ನನಗೆ ಮನವರಿಕೆಯಾಯಿತು. ನಮ್ಮ ಸದಸ್ಯರಲ್ಲಿ ಅನೇಕರು ವ್ಯವಹಾರದ ನಿಮಿತ್ತ ಪದೇ ಪದೇ ವಿಮಾನವೇರುವವರು. ಕೆಲವರು ಮಕ್ಕಳನ್ನು ಈ ವೃತ್ತಿಗೆ ಕಳುಹಿಸುವ ಆಲೋಚನೆಯಲ್ಲಿರುವವರು. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ಪರಾಮರ್ಶಿಸುವುದು ಅಪ್ರಸ್ತುತವಾಗಲಾರದು.

ಯೋಜನೆಯ ಸ್ವರೂಪ

ನಮ್ಮ ದೇಶದಲ್ಲಿ ಸಿ.ಪಿ.ಎಲ್. ಎಂದು ಕರೆಯಲಾಗುವ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 18 ವರ್ಷ ವಯಸ್ಸು, ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ, ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆ ಹಾಗೂ 200 ಗಂಟೆಗಳ ಹಾರಾಟದ ಅನುಭವ ಬೇಕು. ಈ ಹಾರಾಟದ ಬಹುಪಾಲು ಒಂದೇ ಇಂಜಿನ್ನಿನ ಸಣ್ಣ ವಿಮಾನಗಳಲ್ಲಿ ನಡೆಯುತ್ತದೆ. ಬಳಿಕ ಏರ್‌ಬಸ್ 320 ಅಥವಾ ಬೋಯಿಂಗ್ 737ರಂತಹ ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಸಿಮ್ಯುಲೇಟರಿನಲ್ಲಿ ತರಬೇತಿ ಪಡೆದು ‘ಟೈಪ್ ರೇಟಿಂಗ್’ ಗಳಿಸಿದವರು ಸಹ-ಪೈಲಟ್ ಆಗಿ ಸೇರಬಹುದು. ಕ್ಯಾಪ್ಟನ್ ಆಗಲು ಬೇಕಾದ ಎ.ಟಿ.ಪಿ.ಎಲ್. ಪರವಾನಗಿಗೆ 1,500 ಗಂಟೆಗಳ ಅನುಭವ ಕಡ್ಡಾಯ.

ಹಿಂದೆ ಆಸಕ್ತರು ತಾವೇ ಹಾರಾಟ ಶಾಲೆ ಸೇರಿ, ಪರವಾನಗಿ ಪಡೆದು, ಅನಂತರ ಉದ್ಯೋಗ ಅರಸುತ್ತಿದ್ದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ ಹಾಗೆ ಹೊರಬಂದವರು ಹಲವರು. ಕೆಡೆಟ್ ಯೋಜನೆಯಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ವಿಮಾನ ಕಂಪನಿಯು ಮೊದಲೇ ಅಭ್ಯರ್ಥಿಯನ್ನು ಆರಿಸಿ, ತನ್ನೊಡನೆ ಒಪ್ಪಂದ ಮಾಡಿಕೊಂಡ ದೇಶದ ಅಥವಾ ವಿದೇಶದ ಶಾಲೆಗೆ ಕಳುಹಿಸಿ, ಟೈಪ್ ರೇಟಿಂಗಿನವರೆಗೆ ತನ್ನ ಪದ್ಧತಿಯಂತೆಯೇ ತರಬೇತಿ ಕೊಡಿಸುತ್ತದೆ. ಆಯ್ಕೆ ಕಂಪನಿಯದು, ಪಠ್ಯಕ್ರಮ ಕಂಪನಿಯದು, ಶುಲ್ಕ ಮಾತ್ರ ವಿದ್ಯಾರ್ಥಿಯದು. ಉದ್ಯೋಗದ ಭರವಸೆಯೂ ಸಾಮಾನ್ಯವಾಗಿ ಷರತ್ತಿಗೆ ಒಳಪಟ್ಟದ್ದು.

ಕಂಪನಿಗಳಿಗೆ ಇದರ ಅವಶ್ಯಕತೆ ಏನೆಂಬುದು ಸ್ಪಷ್ಟ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು. ಅದೇ ವರ್ಷದ ಜೂನ್‌ನಲ್ಲಿ ಇಂಡಿಗೋ ಒಂದೇ ಬಾರಿಗೆ 500 ಏರ್‌ಬಸ್‌ಗಳಿಗೆ ಬೇಡಿಕೆ ಸಲ್ಲಿಸಿತು. ಮುಂದಿನ 15ರಿಂದ 20 ವರ್ಷಗಳಲ್ಲಿ ದೇಶಕ್ಕೆ 30 ಸಾವಿರ ಪೈಲಟ್‌ಗಳು ಬೇಕಾಗುವರೆಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವರು 2025ರಲ್ಲಿ ಹೇಳಿದರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2023ರಲ್ಲಿ ನೀಡಿದ ವಾಣಿಜ್ಯ ಪರವಾನಗಿಗಳು 1,622; ಅದು ಅಲ್ಲಿಯವರೆಗಿನ ದಾಖಲೆ. ಪೈಲಟ್‌ಗಳ ಲೆಕ್ಕ ತಪ್ಪಿದರೆ ಏನಾಗುವುದೆಂಬುದನ್ನು 2025ರ ಡಿಸೆಂಬರಿನ ಮೊದಲ ವಾರ ಎಲ್ಲರೂ ಕಂಡರು. ಪೈಲಟ್‌ಗಳ ವಿಶ್ರಾಂತಿಯ ಅವಧಿಯನ್ನು ಹೆಚ್ಚಿಸಿದ ಹೊಸ ನಿಯಮಗಳ ಎರಡನೆಯ ಹಂತ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ಅದಕ್ಕೆ ತಕ್ಕ ಸಿದ್ಧತೆ ಇಲ್ಲದೆ ಇಂಡಿಗೋ ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದುಪಡಿಸಿತು. ಬೆಂಗಳೂರಿನ ನಿಲ್ದಾಣದಲ್ಲಿ ಪೆಟ್ಟಿಗೆಗಳ ರಾಶಿಯ ನಡುವೆ ರಾತ್ರಿ ಕಳೆದ ಸದಸ್ಯರು ನಮ್ಮಲ್ಲಿಯೂ ಇದ್ದಾರು.

ಗಂಟೆಗಳ ವಾದ

ಕಡಿಮೆ ಅನುಭವದ ಪೈಲಟ್‌ಗಳನ್ನು ವಿರೋಧಿಸುವವರು ಸಾಮಾನ್ಯವಾಗಿ ಅಮೆರಿಕದ ಉದಾಹರಣೆಯನ್ನು ಮುಂದಿಡುತ್ತಾರೆ. 2009ರ ಫೆಬ್ರವರಿ 12ರಂದು ಕೊಲ್ಗನ್ ಏರ್ ಸಂಸ್ಥೆಯ 3407 ಸಂಖ್ಯೆಯ ವಿಮಾನವು ಬಫಲೋ ನಗರದ ಸಮೀಪ ಮನೆಯೊಂದರ ಮೇಲೆ ಬಿದ್ದು 50 ಜನರು ಮೃತಪಟ್ಟರು. ಮೃತರ ಕುಟುಂಬಗಳು ಪಟ್ಟುಹಿಡಿದು ನಡೆಸಿದ ಹೋರಾಟದ ಫಲವಾಗಿ 2010ರಲ್ಲಿ ಕಾನೂನು ಬಂದಿತು. 2013ರಿಂದ ಅಲ್ಲಿ ಸಹ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಕಡ್ಡಾಯವಾಯಿತು. ಸೇನೆಯಿಂದ ಬಂದವರಿಗೆ 750, ವೈಮಾನಿಕ ಪದವೀಧರರಿಗೆ 1,000 ಗಂಟೆ ಎಂಬ ರಿಯಾಯಿತಿಗಳಿವೆ. ಆ ದುರಂತದಿಂದ 2025ರ ಜನವರಿಯ ವಾಷಿಂಗ್ಟನ್ ದುರಂತದವರೆಗೆ, ಅಂದರೆ ಸುಮಾರು 16 ವರ್ಷ, ಅಮೆರಿಕದ ವಿಮಾನ ಕಂಪನಿಗಳಲ್ಲಿ ಅಂತಹ ದೊಡ್ಡ ಅವಘಡ ಸಂಭವಿಸಲಿಲ್ಲವೆಂಬುದು ಈ ಪಕ್ಷದವರ ಪ್ರಬಲ ವಾದ.

ಆದರೆ ಲೆಕ್ಕ ಪರಿಶೋಧಕನಿಗೆ ಮೂಲ ದಾಖಲೆ ನೋಡುವ ಚಾಳಿ. ಕೊಲ್ಗನ್ ವಿಮಾನದ ಕ್ಯಾಪ್ಟನ್ 3,379 ಗಂಟೆ ಹಾರಿದವರು. ಸಹ-ಪೈಲಟ್ 2,244 ಗಂಟೆ ಹಾರಿದವರು. ಇಬ್ಬರೂ 1,500ರ ಗಡಿಯನ್ನು ಎಂದೋ ದಾಟಿದ್ದರು. ವಿಮಾನದ ವೇಗ ಕುಸಿದಾಗ ಎಚ್ಚರಿಕೆಯ ಸೂಚನೆಗೆ ಕ್ಯಾಪ್ಟನ್ ತದ್ವಿರುದ್ಧವಾಗಿ ಪ್ರತಿಕ್ರಿಯಿಸಿದ್ದೇ ದುರಂತಕ್ಕೆ ಕಾರಣವೆಂದು ತನಿಖೆ ತೀರ್ಮಾನಿಸಿತು. ಅವರು ಹಿಂದೆ ಹಲವು ಹಾರಾಟ ಪರೀಕ್ಷೆಗಳಲ್ಲಿ ಅನುತ್ತೀರ್ಣರಾಗಿದ್ದರು. ಅವುಗಳಲ್ಲಿ ಕೆಲವನ್ನು ಉದ್ಯೋಗದ ಅರ್ಜಿಯಲ್ಲಿ ತಿಳಿಸಿರಲಿಲ್ಲ. ಆ ದುರಂತದ ಹೆಸರಿನಲ್ಲಿ ಬಂದ 1,500 ಗಂಟೆಯ ನಿಯಮ ಅಂದು ಜಾರಿಯಲ್ಲಿದ್ದರೂ ಆ ಇಬ್ಬರನ್ನು ತಡೆಯುತ್ತಿರಲಿಲ್ಲ.

ಯೂರೋಪಿನ ಹಾದಿ ಬೇರೆ. ಅಲ್ಲಿಯ ದೊಡ್ಡ ಕಂಪನಿಗಳು ಸುಮಾರು 200 ಗಂಟೆ ಹಾರಿದವರನ್ನು ದಶಕಗಳಿಂದ ಸಹ-ಪೈಲಟ್‌ಗಳಾಗಿ ತೆಗೆದುಕೊಳ್ಳುತ್ತ ಬಂದಿವೆ. ಅವುಗಳ ಸುರಕ್ಷತಾ ದಾಖಲೆ ಕಳಪೆಯೆಂದು ಯಾರೂ ಹೇಳಲಾರರು. ಸಣ್ಣ ಸೆಸ್ನಾ ವಿಮಾನದಲ್ಲಿ ಒಂದೇ ಬಯಲಿನ ಮೇಲೆ ಸಾವಿರ ಗಂಟೆ ಸುತ್ತಿ ಗಂಟೆ ತುಂಬಿಸಿಕೊಂಡವನಿಗಿಂತ, ಇಬ್ಬರು ಕೂಡಿ ನಡೆಸುವ ಜೆಟ್ ವಿಮಾನದ ಶಿಸ್ತಿನಲ್ಲಿ ಮೊದಲ ದಿನದಿಂದಲೇ ಪಳಗಿದವನು ಮೇಲು ಎಂಬುದು ಅವರ ಪ್ರತಿಪಾದನೆ.

ಇನ್ನು ನಮ್ಮ ನಾಡಿನದೇ ಮರೆಯಲಾಗದ ಉದಾಹರಣೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿದ್ದಿತು. 166 ಜನರಲ್ಲಿ ಬದುಕುಳಿದವರು 8 ಮಂದಿ ಮಾತ್ರ. ಕ್ಯಾಪ್ಟನ್ನರದು 10 ಸಾವಿರಕ್ಕೂ ಹೆಚ್ಚು ಗಂಟೆಗಳ ಅನುಭವ. ಸಹ-ಪೈಲಟ್‌ರದು ಅದರ ಮೂರನೆಯ ಒಂದು ಭಾಗದಷ್ಟು. ಇಳಿಯುವ ಕ್ರಮ ಸರಿಯಿಲ್ಲ, ಮತ್ತೆ ಮೇಲೇರೋಣ ಎಂದು ಸಹ-ಪೈಲಟ್ ಮೂರು ಬಾರಿ ಹೇಳಿದರು; ವಿಮಾನದ ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಅದನ್ನು ಲೆಕ್ಕಿಸದೆ ಇಳಿಸಲು ಮುಂದಾದದ್ದೇ ನೇರ ಕಾರಣವೆಂದು ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ವರದಿ ನೀಡಿತು. ಆ ಬೆಳಗ್ಗೆ ಸರಿಯಾದ ಮಾತನ್ನಾಡಿದವರು ಕಡಿಮೆ ಗಂಟೆಗಳ ವ್ಯಕ್ತಿ.

ಇಷ್ಟರಿಂದ ಅನುಭವಕ್ಕೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಗಂಟೆ ಎಂಬುದು ಒಂದು ಲೆಕ್ಕದ ನಮೂದು. ನಮೂದನ್ನು ತಾಳೆ ನೋಡದೆ ನಂಬಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. 2011ರಲ್ಲಿ ನಮ್ಮ ದೇಶದಲ್ಲಿಯೇ ನಕಲಿ ಅಂಕಪಟ್ಟಿ ಸಲ್ಲಿಸಿ ಪರವಾನಗಿ ಪಡೆದ ಆರೋಪದ ಮೇಲೆ ಕೆಲವು ಪೈಲಟ್‌ಗಳ ಬಂಧನವಾಯಿತು. ರಾಜಸ್ಥಾನದಲ್ಲಿ ಹಾರದ ಗಂಟೆಗಳನ್ನು ಹಾರಿದಂತೆ ಬರೆದ ಪ್ರಕರಣಗಳು ಹೊರಬಂದವು. ಆಕಾಶದಲ್ಲಿ ಗಳಿಸದೆ ಲೇಖನಿಯಿಂದ ಗಳಿಸಿದ ಇಂತಹ ಗಂಟೆಗಳನ್ನು ವೈಮಾನಿಕರು ಹಾಸ್ಯಕ್ಕೆ ‘ಪಾರ್ಕರ್ ಪೆನ್ ಗಂಟೆ’ ಎನ್ನುತ್ತಾರಂತೆ. ನಮ್ಮಲ್ಲಿಯೂ ವರ್ಷಾಂತ್ಯದ ದಾಸ್ತಾನು ಪಟ್ಟಿಗೆ ಅಂತಹದೊಂದು ಹೆಸರಿಡಬಹುದಾದ ಸಂದರ್ಭಗಳುಂಟು. ಆ ಮಾತು ಇಲ್ಲಿ ಬೇಡ.

ನಿಜವಾದ ಅಪಾಯವಿರುವುದು ಹೊಸಬನ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದರಲ್ಲಿ. ಟೈಪ್ ರೇಟಿಂಗ್ ಮುಗಿಸಿದ ಕೆಡೆಟ್, ಪ್ರಯಾಣಿಕರಿರುವ ವಿಮಾನದಲ್ಲಿ ತರಬೇತುದಾರ ಕ್ಯಾಪ್ಟನ್ನರ ಪಕ್ಕದಲ್ಲಿ ನಿಗದಿತ ಹಾರಾಟಗಳನ್ನು ಮುಗಿಸಿದ ಮೇಲೆಯೇ ಉಳಿದ ಕ್ಯಾಪ್ಟನ್ನರೊಡನೆ ಹಾರಬೇಕು. 2024ರ ಜುಲೈನಲ್ಲಿ ಮುಂಬಯಿಯಿಂದ ರಿಯಾದ್‌ಗೆ ಹೊರಟ ಏರ್ ಇಂಡಿಯಾ ವಿಮಾನವೊಂದರಲ್ಲಿ ಆ ಹಂತ ದಾಟದ ಸಹ-ಪೈಲಟ್‌ನನ್ನು ತರಬೇತುದಾರನಲ್ಲದ ಕ್ಯಾಪ್ಟನ್‌ನೊಡನೆ ಕಳುಹಿಸಲಾಗಿತ್ತು. ಕಂಪನಿಯೇ ತಪ್ಪನ್ನು ವರದಿ ಮಾಡಿತು. ಮಹಾನಿರ್ದೇಶನಾಲಯ ಆಗಸ್ಟ್‌ನಲ್ಲಿ 90 ಲಕ್ಷ ರೂಪಾಯಿ ದಂಡ ವಿಧಿಸಿತು. ಕೆಡೆಟ್‌ಗಳ ಸಂಖ್ಯೆ ಏರಿದಂತೆ ಅವರ ಪಕ್ಕದಲ್ಲಿ ಕೂರಬೇಕಾದ ತರಬೇತುದಾರರ ಸಂಖ್ಯೆಯೂ ಏರಬೇಕು. ಶುಲ್ಕ ಕಟ್ಟಿಸಿಕೊಂಡು ಕೆಡೆಟ್‌ಗಳನ್ನು ಬೇಗನೆ ಹೆಚ್ಚಿಸಬಹುದು. ತರಬೇತುದಾರ ಕ್ಯಾಪ್ಟನ್ನರು ತಯಾರಾಗಲು ವರ್ಷಗಳೇ ಬೇಕು.

ಹಣ ಯಾರದು?

ಗಂಟೆಗಳ ಈ ವಾದದಲ್ಲಿ ಯಾರೂ ಹೆಚ್ಚು ಕೇಳದ ಪ್ರಶ್ನೆಯೊಂದಿದೆ. ತರಬೇತಿಯ ಹಣ ಯಾರ ಪುಸ್ತಕದಲ್ಲಿ ಖರ್ಚಾಗಿ ಬೀಳುತ್ತದೆ? ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲಿ.

ವಿಮಾನ ಕಂಪನಿಯೊಂದು ವಿಮಾನವನ್ನು ಕೊಂಡರೆ ಅದು ಆಸ್ತಿ. ಅದರ ಬೆಲೆಯನ್ನು ಹಲವು ವರ್ಷಗಳಿಗೆ ಹಂಚಿ ಸವಕಳಿ ಬರೆಯಬಹುದು. ಆದರೆ ಪೈಲಟ್‌ನ ತರಬೇತಿಗೆ ಮಾಡಿದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಭಾರತೀಯ ಲೆಕ್ಕಪತ್ರ ಮಾನಕ 38ರ ಪ್ರಕಾರ ಅದನ್ನು ಮಾಡಿದ ವರ್ಷವೇ ಲಾಭ-ನಷ್ಟ ಖಾತೆಗೆ ಬರೆಯಬೇಕು. ಕಲಿತ ನೌಕರ ನಾಳೆ ಬಿಟ್ಟುಹೋಗಬಹುದು, ಅವನ ಕೌಶಲದ ಮೇಲೆ ಕಂಪನಿಗೆ ನಿಯಂತ್ರಣವಿಲ್ಲ ಎಂಬುದು ಮಾನಕದ ತರ್ಕ. ತಲಾ 1 ಕೋಟಿ ವೆಚ್ಚದಲ್ಲಿ 100 ಕೆಡೆಟ್‌ಗಳನ್ನು ಕಂಪನಿಯೇ ತಯಾರಿಸಿದರೆ ಆ ವರ್ಷದ ಲಾಭದಲ್ಲಿ 100 ಕೋಟಿ ಕಡಿಮೆ. ಅದೇ ಹಣವನ್ನು 100 ಕುಟುಂಬಗಳು ಕಟ್ಟಿದರೆ ಕಂಪನಿಯ ಪುಸ್ತಕದಲ್ಲಿ ಒಂದು ಗೆರೆಯೂ ಮೂಡುವುದಿಲ್ಲ. ವೆಚ್ಚ ಮಾಯವಾಗಿಲ್ಲ, ಅದು ಅಡಿಕೆ ಮಂಡಿಯ ಗೋದಾಮಿನ ಮೇಲೆ ಬಂದು ಕುಳಿತಿದೆ.

ನಾನು ಯಜಮಾನರಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. 1 ಕೋಟಿ ಸಾಲ, ಶೇಕಡಾ 11ರ ಬಡ್ಡಿ, 10 ವರ್ಷದ ಅವಧಿ ಎಂದು ಹಿಡಿದರೆ ಮಾಸಿಕ ಕಂತು ಸುಮಾರು 1 ಲಕ್ಷ 37 ಸಾವಿರದ 750 ರೂಪಾಯಿ. ಒಟ್ಟು ಮರುಪಾವತಿ 1 ಕೋಟಿ 65 ಲಕ್ಷಕ್ಕೂ ಹೆಚ್ಚು. ತರಬೇತಿಯ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಶಿಕ್ಷಣ ಸಾಲದ ಬಡ್ಡಿಯ ಮೇಲಿನ ಕಡಿತವೂ ದೊರೆಯುವುದಿಲ್ಲ. ಹಳೆಯ ಪದ್ಧತಿಯಲ್ಲಿಯೂ ಅದಕ್ಕೆ 8 ವರ್ಷದ ಮಿತಿಯುಂಟು. ಕಂಪನಿ ಕೈಕೊಟ್ಟರೆ? ಬೆಂಗಳೂರಿನಲ್ಲೇ ನೆಲೆಯಿದ್ದ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತವು. ನಡುವೆ 2020ರ ಕೋವಿಡ್ ಬಂದು ಹೋಯಿತು. ಹತ್ತು ವರ್ಷದ ಸಾಲ ಮಾಡುವವರು ಹತ್ತು ವರ್ಷದ ಈ ಚರಿತ್ರೆಯನ್ನು ಒಮ್ಮೆ ನೋಡಬೇಕು.

ಸಾಲ ಮನೆಯ ಸಮಸ್ಯೆ, ಸುರಕ್ಷತೆ ಆಕಾಶದ ಸಮಸ್ಯೆ ಎಂದು ಬೇರ್ಪಡಿಸುವಂತೆಯೂ ಇಲ್ಲ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನದ ಸಹ-ಪೈಲಟ್, ಕ್ಯಾಪ್ಟನ್ ಹೊರಗೆ ಹೋದಾಗ ಬಾಗಿಲು ಹಾಕಿಕೊಂಡು ವಿಮಾನವನ್ನು ಬೇಕೆಂದೇ ಫ್ರಾನ್ಸಿನ ಪರ್ವತಕ್ಕೆ ಅಪ್ಪಳಿಸಿದ. 150 ಜನರು ಮೃತರಾದರು. ಮಾನಸಿಕ ಅಸ್ವಾಸ್ಥ್ಯವನ್ನು ಆತ ಮುಚ್ಚಿಟ್ಟಿದ್ದ. ಏಕೆ ಮುಚ್ಚಿಟ್ಟ ಎಂಬುದನ್ನು ವಿವೇಚಿಸಿದ ಫ್ರಾನ್ಸಿನ ತನಿಖಾ ಸಂಸ್ಥೆ, ಹಾರುವ ಅರ್ಹತೆ ಕಳೆದುಕೊಳ್ಳುವ ಭಯದ ಜೊತೆಗೆ, ಅನರ್ಹನಾದರೆ ಆಗುವ ಆದಾಯ ನಷ್ಟಕ್ಕೆ ತಕ್ಕ ವಿಮೆಯಿಲ್ಲದೆ ಎದುರಾಗಬಹುದಾದ ಆರ್ಥಿಕ ಪರಿಣಾಮಗಳನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ತರಬೇತಿಗಾಗಿ ಆತ ಮಾಡಿದ್ದ ಸಾಲ ಸುಮಾರು 41 ಸಾವಿರ ಯೂರೋ. 2015ರ ವಿನಿಮಯ ದರದಲ್ಲಿ ಅದು 30 ಲಕ್ಷ ರೂಪಾಯಿಗಿಂತಲೂ ಕಡಿಮೆ. ಸಾಲವೇ ಆ ಕೃತ್ಯಕ್ಕೆ ಕಾರಣವೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ‘ನನಗೆ ಮೈ ಸರಿಯಿಲ್ಲ, ಇಂದು ಹಾರಲಾರೆ’ ಎಂದು ಒಬ್ಬ ಸಹ-ಪೈಲಟ್ ಧೈರ್ಯವಾಗಿ ಹೇಳಬೇಕಾದರೆ, ಬಜ್ಪೆಯ ಸಹ-ಪೈಲಟ್‌ನಂತೆ ಹಿರಿಯರಿಗೆ ಎದುರು ಮಾತನಾಡಬೇಕಾದರೆ, ಅವನ ಮನೆಯ ಕ್ರಯಪತ್ರ ಬ್ಯಾಂಕಿನ ತಿಜೋರಿಯಲ್ಲಿ ಇಲ್ಲದಿರುವುದು ಒಳ್ಳೆಯದು.

ಈ ಸಂದರ್ಭದಲ್ಲಿ ನನ್ನ ವೃತ್ತಿಯ ಕಡೆಗೆ ತುಸು ತಿರುಗುವುದನ್ನು ಓದುಗರು ಮನ್ನಿಸಬೇಕು. ನಾವೂ ಕೆಡೆಟ್‌ಗಳಾಗಿಯೇ ಬಂದವರು. ಬಿ.ಕಾಂ. ಮುಗಿಸಿ ಮೂರು ವರ್ಷ ಆರ್ಟಿಕಲ್ಸ್ ಮಾಡುವಾಗ, ಇಪ್ಪತ್ತೊಂದರ ಪ್ರಾಯದಲ್ಲಿ, ದೊಡ್ಡ ದೊಡ್ಡ ಕಾರ್ಖಾನೆಗಳ ಪುಸ್ತಕಗಳನ್ನು ತಪಾಸಣೆ ಮಾಡಲು ನನ್ನನ್ನು ಕಳುಹಿಸಿದ್ದುಂಟು. ಸಹಿ ಹಿರಿಯರದು, ದುಡಿಮೆ ನಮ್ಮದು. ಆದರೆ ತಿಂಗಳ ಕೊನೆಗೆ ಅಲ್ಪವಾದರೂ ಸ್ಟೈಪೆಂಡ್ ಎಂದು ಕೆಲವು ನೂರು ರೂಪಾಯಿ ಕೈಗೆ ಬರುತ್ತಿತ್ತು. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆರ್ಟಿಕಲ್ಸ್ ಸೇರಲು ತಂದೆತಾಯಿಗಳು ಗುರುವಿಗೆ ‘ಪ್ರೀಮಿಯಂ’ ಎಂಬ ಇಡುಗಂಟು ಕೊಡುತ್ತಿದ್ದರು. ನಮ್ಮ 1988ರ ಚಾರ್ಟರ್ಡ್ ಅಕೌಂಟೆಂಟ್ಸ್ ನಿಯಮಾವಳಿಯಂತೆ ತರಬೇತಿ ಪಡೆಯುವವರಿಂದ ಪ್ರೀಮಿಯಂ, ಸಾಲ, ಠೇವಣಿ ಯಾವುದನ್ನೂ ಸ್ವೀಕರಿಸುವಂತಿಲ್ಲ. ಹಣ ಕೊಡಬಲ್ಲವರ ಮಕ್ಕಳೇ ವೃತ್ತಿಗೆ ಬಂದರೆ ವೃತ್ತಿಯ ಗುಣಮಟ್ಟ ಕುಸಿಯುತ್ತದೆಂಬ ಅರಿವು ಇದರ ಹಿಂದಿದೆ. ವಹಿಪುಸ್ತಕ ನೋಡುವವರಿಗೆ ಇಷ್ಟು ಕಟ್ಟುನಿಟ್ಟು. ವಿಮಾನ ನಡೆಸುವವರಿಗೆ ಇಲ್ಲ.

ಕಂಪನಿಗಳ ಪಕ್ಷದ ಮಾತನ್ನೂ ಕೇಳಬೇಕು. ನಾವು ಕೋಟಿ ಸುರಿದು ತಯಾರಿಸಿದವನನ್ನು ಪ್ರತಿಸ್ಪರ್ಧಿ ಎಳೆದುಕೊಂಡು ಹೋದರೆ ಏನು ಗತಿ ಎಂಬುದು ಅವರ ಆತಂಕ. ಅದು ನ್ಯಾಯವಾದ ಆತಂಕವೇ. ಆದರೆ ಅದಕ್ಕೆ ಒಂದು ರಕ್ಷಣೆ ಈಗಾಗಲೇ ಇದೆ. ಸಹ-ಪೈಲಟ್ ರಾಜೀನಾಮೆಗೆ 6 ತಿಂಗಳು, ಕ್ಯಾಪ್ಟನ್ 1 ವರ್ಷ ಮೊದಲೇ ಸೂಚನೆ ನೀಡಬೇಕೆಂದು ಮಹಾನಿರ್ದೇಶನಾಲಯ 2017ರಲ್ಲಿ ನಿಯಮ ಮಾಡಿತು. ಇಂತಹ ಸೂಚನಾ ಅವಧಿ ನಮ್ಮ ಸದಸ್ಯರ ಯಾವ ಕಾರ್ಖಾನೆಗೂ ದೊರೆತಿಲ್ಲ. ಕಂಪನಿಯು ವೆಚ್ಚವನ್ನು ತಾನೇ ಭರಿಸಿ, ಸೇವೆಯ ಪ್ರತಿ ವರ್ಷಕ್ಕೂ ಒಂದಂಶವನ್ನು ಮನ್ನಾ ಮಾಡುತ್ತ ಹೋಗುವ ಬಾಂಡ್ ಬರೆಸಿಕೊಂಡರೆ ಇಬ್ಬರಿಗೂ ನಷ್ಟವಿಲ್ಲ. ತನ್ನ ಹಣ ತೊಡಗಿಸಿದ ಕಂಪನಿ ಆಯ್ಕೆಯಲ್ಲಿಯೂ ಎಚ್ಚರ ವಹಿಸುತ್ತದೆ. ಅರ್ಧ ದಾರಿಯಲ್ಲಿ ಅಯೋಗ್ಯನೆಂದು ಕಂಡವನನ್ನು ನಿಲ್ಲಿಸಲು ಹಿಂಜರಿಯುವುದಿಲ್ಲ. ಕಟ್ಟಿದವನೇ ವಿದ್ಯಾರ್ಥಿಯಾದಾಗ ಅವನನ್ನು ಅನುತ್ತೀರ್ಣಗೊಳಿಸುವುದು ಶಾಲೆಗೆ ಕಷ್ಟ, ಇದು ಬಿ.ಎಡ್. ಕಾಲೇಜಿನಿಂದ ಹಿಡಿದು ಎಲ್ಲೆಡೆ ಕಂಡದ್ದೇ.

ಸರ್ಕಾರದ ಕಡೆಯಿಂದ ಕೆಲವು ಒಳ್ಳೆಯ ಹೆಜ್ಜೆಗಳಾಗಿವೆ. ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ಹಾರಾಟ ಶಾಲೆಗಳ ಅನುಮೋದಿತ ತರಬೇತಿಗೆ ಜಿ.ಎಸ್.ಟಿ. ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಸ್ಪಷ್ಟೀಕರಣ ಬಂದಿತು. ಅದಕ್ಕೆ ಮೊದಲು ತೆರಿಗೆ ಕಟ್ಟಿದವರು ತಮ್ಮ ರಸೀತಿಗಳನ್ನು ಒಮ್ಮೆ ತೆರಿಗೆ ಸಲಹೆಗಾರರಿಗೆ ತೋರಿಸುವುದು ಲೇಸು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ಹಾರಾಟ ಶಾಲೆಗಳಿಗೆ ಜಾಗ ನೀಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿಗಳೂ ಇದ್ದವು. ಊರಿನ ಸಮೀಪ ಶಾಲೆ ಬಂದರೆ ವಿದೇಶದ ಖರ್ಚು ತಗ್ಗೀತು. ಆದರೆ ಅದರ ಮೇಲೆ ನಿಗಾ ಇಡುವ ತಪಾಸಣಾಧಿಕಾರಿಗಳೂ ಅಷ್ಟೇ ಮುಖ್ಯ.

ಯಜಮಾನರಿಗೆ ಕೊಟ್ಟ ಉತ್ತರ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಒಳ್ಳೆಯ ತರಬೇತಿ ಪಡೆದು, ಒಳ್ಳೆಯ ಕ್ಯಾಪ್ಟನ್ ಪಕ್ಕದಲ್ಲಿ ಕುಳಿತ 200 ಗಂಟೆಯ ಹುಡುಗಿಯ ವಿಮಾನದಲ್ಲಿ ನಾನು ನಿಶ್ಚಿಂತೆಯಿಂದ ಕೂರುತ್ತೇನೆ. ಮೊದಲ ಪ್ರಶ್ನೆಗೆ ಉತ್ತರಿಸಲು ಒಪ್ಪಂದದ ಕರಡನ್ನು ತರಿಸಿ ಓದಿದೆ. ಮೂರು ಕಡೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಂಪನಿಗೆ ಪತ್ರ ಬರೆಸಿದೆ: ತರಬೇತಿ ಮುಗಿದ ಎಷ್ಟು ತಿಂಗಳೊಳಗೆ ನೇಮಕಾತಿ, ತಪ್ಪಿದರೆ ಶುಲ್ಕದಲ್ಲಿ ಎಷ್ಟು ವಾಪಸು? ವೈದ್ಯಕೀಯವಾಗಿ ಅನರ್ಹಳಾದರೆ ಉಳಿದ ಸಾಲಕ್ಕೆ ವಿಮೆ ಯಾರದು? ಪಾಲುದಾರ ಶಾಲೆ ಮುಚ್ಚಿದರೆ ಕಟ್ಟಿದ ಹಣಕ್ಕೆ ಖಾತರಿ ಏನು? ನಾಲ್ಕು ವಾರಗಳ ಬಳಿಕ ಬಂದ ಉತ್ತರದಲ್ಲಿ ಒಂದೇ ವಾಕ್ಯವಿತ್ತು. ನೇಮಕಾತಿಯು ಆಯಾ ಸಮಯದ ಖಾಲಿ ಹುದ್ದೆಗಳಿಗೆ ಒಳಪಟ್ಟಿರುತ್ತದೆ ಎಂದು. ಉಳಿದ ಎರಡಕ್ಕೆ ಉತ್ತರವಿರಲಿಲ್ಲ.

“ಹಾಗಾದರೆ ಬೇಡವಾ ಅಂಕಲ್?” ಎಂದು ಹುಡುಗಿ ಕೇಳಿದಳು. ಬೇಡವೆನ್ನುವ ಅಧಿಕಾರ ನನಗಿಲ್ಲ. ಮೊದಲು ಪ್ರಥಮ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಮ್ಮ, ಲಿಖಿತ ಪರೀಕ್ಷೆಗಳಿಗೆ ಕುಳಿತುಕೋ, ಇವೆರಡಕ್ಕೂ ಕೋಟಿ ಬೇಕಿಲ್ಲ. ಅಷ್ಟರಲ್ಲಿ ಬೇರೆ ಕಂಪನಿಗಳ ಷರತ್ತುಗಳನ್ನೂ ತರಿಸೋಣ ಎಂದೆ. ವೈದ್ಯಕೀಯ ಪರೀಕ್ಷೆ ಆಯಿತು. ಮುಂದಿನ ತಿಂಗಳು ಹವಾಮಾನ ಶಾಸ್ತ್ರದ ಪರೀಕ್ಷೆಯಂತೆ. ಮಂಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ಓದುತ್ತಾಳೆಂದು ಯಜಮಾನರು ಹೇಳಿದರು. ಗೋದಾಮಿನ ಕ್ರಯಪತ್ರವನ್ನು ವಾಪಸು ಒಯ್ಯಿರೆಂದು ಎರಡು ಬಾರಿ ಹೇಳಿದ್ದೇನೆ. ಅದು ಇನ್ನೂ ನನ್ನ ಕಚೇರಿಯ ಬೀರುವಿನಲ್ಲಿಯೇ ಇದೆ.